ಚೊಕ್ಕ ಕೈಯವರ ಚುನಾವಣೆ

ಕ್ರಿ.ಶ. ೨೧೮೯, ಫೆಬ್ರವರಿ ೩೦

ನನಗಿಂತ ಬಹಳ ಮೊದಲು ಬದುಕಿದವರೇ,

ತಾರೀಖು ನೋಡಿ ನಗಬೇಡಿ. ಚುನಾವಣೆಯ ವರ್ಷ ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮತದಾನಕ್ಕೆಂದೇ ಸರ್ಕಾರ ಸೇರಿಸಿದ ದಿನವಿದು. ರಜೆಯ ಪಟ್ಟಿಯಲ್ಲಿ ಇಲ್ಲದ್ದರಿಂದ ಕೂಲಿಯವರಿಗೆ ರಜೆ ಕೊಡಬೇಕಾಗಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ವಿಷಯ ಅದಕ್ಕಿಂತ ಅಸಹ್ಯವಾಗಿದೆ.

ನಾನು ಜಲಜ, ಕುಂದಾಪುರದ ಕಡೆಯವಳು. ಹನ್ನೊಂದು ವರ್ಷ ಗೆರೆಗಾರ್ತಿಯಾಗಿದ್ದೆ. ನೀವು ಮತಗಟ್ಟೆ ಎನ್ನುವುದನ್ನು ನಾವು ಗೆರೆಮನೆ ಎನ್ನುತ್ತೇವೆ. ಬಂದವರ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿಸಿ, ಗೆರೆ ಪಟ್ಟಿಗೆ ಹೊಂದಿದರೆ ಒಳಗೆ ಬಿಡುವುದು ಗೆರೆಗಾರ್ತಿಯ ಕೆಲಸ. ಮೂರು ಚುನಾವಣೆಯಲ್ಲಿ ಹೊಂದದಿದ್ದರೆ ಹೆಸರು ಹೊಡೆದುಹಾಕಬೇಕು. ಹಾಗೆ ಹೋದ ಹೆಸರು ಮತ್ತೆ ಸೇರುವುದಿಲ್ಲ. ಕಳ್ಳಮತ ತಡೆಯಲು ಎಂದು ಈ ಕಾಯ್ದೆ ತಂದರು. ಹನ್ನೊಂದು ವರ್ಷದಲ್ಲಿ ನಾನು ಒಬ್ಬ ಕಳ್ಳನನ್ನೂ ಕಾಣಲಿಲ್ಲ. ವಾಪಸು ಕಳಿಸಿದ್ದೆಲ್ಲ ಗೇರುಬೀಜದ ಕಾರ್ಖಾನೆಯ ಹೆಂಗಸರನ್ನು, ಕಲ್ಲುಕೋರೆಯವರನ್ನು, ಬಲೆ ಎಳೆಯುವವರನ್ನು. ಕಾಯ್ದೆ ಬರೆದವರಿಗೆ ಇದು ಗೊತ್ತಿರಲಿಲ್ಲವೆಂದು ನಂಬುವಷ್ಟು ಪೆದ್ದಿಯಲ್ಲ ನಾನು.

ನನ್ನ ಅಮ್ಮ ಸಿಂಗಾರಿ ನಲವತ್ತು ವರ್ಷ ಗೇರುಬೀಜ ಒಡೆದವಳು. ಅದರ ಸೊನೆ ಚರ್ಮ ಸುಡುತ್ತದೆ; ಎಣ್ಣೆ, ಬೂದಿ ಎಷ್ಟು ಹಚ್ಚಿಕೊಂಡರೂ ಕೈಗೆ ಕರಿ ಹಿಡಿಯುತ್ತದೆ, ಗೆರೆ ಅಳಿಯುತ್ತದೆ. ಎರಡು ಸಲ ಅವಳ ಬೆರಳನ್ನು ಗಾಜು ಒಪ್ಪಲಿಲ್ಲ. ಕೊನೆಯ ಸಲಕ್ಕೆ ಮುಂಚೆ ಒಂದು ತಿಂಗಳು ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಹೆಬ್ಬೆರಳ ಮೇಲೆ ಎಳೆಯ ಗೆರೆಗಳು ಚಿಗುರಿದವು. ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ಕಡೆಯ ಹೆಂಗಸರು ಕರಿ ಕೈಯಲ್ಲಿ ಮತಕ್ಕೆ ಹೋಗುವುದಿಲ್ಲ. ದೇವಸ್ಥಾನಕ್ಕೆ ಹೊರಟಂತೆ ಮಿಂದು, ಒರಟು ಮುರಕಲ್ಲಿನ ತುಂಡಿನಿಂದ ಕೈ ಉಜ್ಜಿಕೊಂಡೇ ಹೋಗುವುದು. ಆ ಬೆಳಿಗ್ಗೆ ಅಮ್ಮನ ಕೈಯಲ್ಲಿ ಉಳಿದಿದ್ದ ಕರಿ ನೋಡಿ ನನಗೇ ನಾಚಿಕೆಯಾಯಿತು. ಮೇಲಿನವರು ಬಂದಿರುತ್ತಾರೆ, ಚೆನ್ನಾಗಿ ಉಜ್ಜಿಕೋ ಎಂದೆ. ಉಜ್ಜಿದಳು. ಚಿಗುರಿದ್ದೆಲ್ಲ ಹೋಯಿತು.

ಗಾಜು ಕೆಂಪಾಯಿತು. ಎದುರು ನಿಂತವಳು ನನ್ನನ್ನು ಹೆತ್ತವಳು. ನಾನು ಹಾಗೆಂದರೆ ಅದು ಸಾಕ್ಷಿಯಲ್ಲ. ಮೇಲಧಿಕಾರಿ ನೋಡುತ್ತಿದ್ದ. ನನ್ನ ಕೈಯಾರೆ ಅವಳ ಹೆಸರು ಹೊಡೆದೆ. ಅಮ್ಮ ಎರಡೂ ಅಂಗೈ ನನ್ನ ಮುಂದೆ ಚಾಚಿ, “ಕೈ ಚೊಕ್ಕ ಆಯ್ತಲ್ದಾ ಮಗಾ?” ಎಂದಳು. ಸಾಲಿನಲ್ಲಿದ್ದ ನುಣ್ಣನೆಯ ಕೈಯವರು ಬೇಗ ಬೇಗ ಎಂದು ಗೊಣಗಿದರು. ಅವರ ಮೇಲೆ, ಕಾಯ್ದೆಯ ಮೇಲೆ, ನನ್ನ ಮೇಲೆ ಆವತ್ತು ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಈ ಕಾಯ್ದೆ ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಬರುತ್ತದೆ. ಬಹಳ ಸಭ್ಯ ಮಾತಿನಲ್ಲಿ ಬರುತ್ತದೆ. ನಿಯತ್ತಿನವರಿಗೆ ಇದರಿಂದೇನು ತೊಂದರೆ ಎಂದು ಯಾರೋ ಕೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಆಡಿಸುವ ಮೊದಲು ಬೀಜ ಒಡೆಯುವವರ ಅಂಗೈ ಒಮ್ಮೆ ನೋಡಿ ಬನ್ನಿ ಎಂದು ಆ ಮೊಮ್ಮಕ್ಕಳಿಗೆ ಹೇಳಿಹೋಗಿ.

ಅಮ್ಮ ಈಗಿಲ್ಲ. ಆ ಕೆಲಸ ಬಿಟ್ಟು, ಅವಳು ಕೂರುತ್ತಿದ್ದ ಜಾಗದಲ್ಲೇ ಕೂತು ನಾನು ಬೀಜ ಒಡೆಯುತ್ತಿದ್ದೇನೆ. ಇವತ್ತು ನನ್ನ ಬೆರಳನ್ನೂ ಗಾಜು ಒಪ್ಪಲಿಲ್ಲ. ಇನ್ನೆರಡು ಸಲ ಉಳಿದಿದೆ. ಕೈ ಉಜ್ಜಿಕೊಳ್ಳದೆ, ಕರಿ ಕೈಯಲ್ಲೇ ಹೋಗಿದ್ದೆ. ಗಾಜಿಗೆ ಮೆತ್ತಿದ ಕರಿಯನ್ನು ಹೊಸ ಗೆರೆಗಾರ್ತಿ ಒರೆಸಿದಳು, ಮತ್ತೆ ಒರೆಸಿದಳು. ನಾನು ಹೊರಬರುವವರೆಗೂ ಅದು ಹೋಗಿರಲಿಲ್ಲ.

ಜಲಜ