ಪಾರ್ಕ್ ತೆರಿಗೆಗೆ ಕೈ ಎತ್ತಿದವಳು

ವಿಜಯನಗರ
22-1-1984, ಭಾನುವಾರ

ಜಂಬಣ್ಣನವರಿಗೆ,

ಶಿವಗಂಗ ಬರೆಯೋದು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಿಮ್ಮ ಹೆಸರನ್ನ ಬಾಯಿಬಿಟ್ಟು ಹೇಳಿದವಳಲ್ಲ ನಾನು. ಲಕೋಟೆ ಮೇಲೆ ಬರೆಯೋಕೆ ಕೂತು ಎರಡು ಸಲ ಪೆನ್ನು ಕೆಳಗಿಟ್ಟೆ. ನನ್ನ ಸಂಕೋಚ ಕಟ್ಟಿಕೊಂಡು ಪೋಸ್ಟ್‌ಮ್ಯಾನ್‌ಗೆ ಏನಾಗಬೇಕು ಅಂತ ಬರೆದೇಬಿಟ್ಟೆ. ಕ್ಷೇಮ ಸಮಾಚಾರ ಕೇಳೋದಿಲ್ಲ. ನೀವು ಅಂಗಡಿ ಬೀಗದಕೈ ಗೂಟಕ್ಕೆ ಸಿಕ್ಕಿಸಿ ಮಾಗಡಿಯ ನಿಮ್ಮಕ್ಕನ ಮನೆಗೆ ಹೊರಟುಹೋಗಿ ಏಳು ವರ್ಷ ಆಯ್ತು. ಏಳು ವರ್ಷ ನನ್ನ ಕ್ಷೇಮ ಕೇಳದ ಮನುಷ್ಯನ ಕ್ಷೇಮ ನಾನ್ಯಾಕೆ ಕೇಳಲಿ? ಚೆನ್ನಾಗಿದೀರಿ ಅಂತ ಪಕ್ಕದ ಮನೆ ಹನುಮಕ್ಕ ಮೊನ್ನೆ ಆ ಕಡೆ ಬಂದವಳು ನೋಡಿಕೊಂಡು ಬಂದು ಹೇಳಿದ್ಲು. ಅಷ್ಟು ಸಾಕು.

ನನಗೆ ಒಂದೇ ಒಂದು ವಿಷಯ ಬೇಕು. ಅದಕ್ಕೆ ಉತ್ತರ ಕೊಟ್ಟು ಮತ್ತೆ ಎಷ್ಟು ವರ್ಷ ಬೇಕಾದ್ರೂ ಸುಮ್ಮನಿರಿ, ನಾನೇನೂ ಅನ್ನೋದಿಲ್ಲ.

ನಮ್ಮ ಅಂಗಡಿ ಹಿಂದಿನ ಬೀಳು ಇದೆಯಲ್ಲ, ಇದು ಇನ್ನೂ ಹಳ್ಳಿಯಾಗಿದ್ದ ಕಾಲದ್ದು. ಸುತ್ತ ಎಲ್ಲಾ ಸೈಟಾಗಿ ಮನೆ ಎದ್ದರೂ ಅದೊಂದು ಹಾಗೇ ಉಳೀತು. ಲೇಔಟಿನ ನಕ್ಷೆಯಲ್ಲಿ ಅದನ್ನ ಪಾರ್ಕ್ ಅಂತ ಬರೆದಿದ್ದಾರಂತೆ. ಬರೆದದ್ದು ನಕ್ಷೆಯಲ್ಲೇ ಇತ್ತು, ನೆಲದ ಮೇಲೆ ಬರೀ ಕಾಂಗ್ರೆಸ್ ಗಿಡ, ಒಡೆದ ಹೆಂಚು, ಹಂದಿ. ಹೋದ ತಿಂಗಳು ಲೇಔಟು ಮಾಡಿದ ಆಫೀಸಿನಿಂದ ಸುದ್ದಿ ಬಂತು. ಯುಗಾದಿ ಒಳಗೆ ಪಾರ್ಕ್ ಕೆಲಸ ಶುರುವಾಗದಿದ್ರೆ ಅದನ್ನೂ ಸೈಟು ಮಾಡಿ ಹಂಚಿಬಿಡ್ತಾರಂತೆ. ಖರ್ಚಿನಲ್ಲಿ ಅರ್ಧ ನಾವೇ ಹಾಕಬೇಕಂತೆ.

ಬಟ್ಟೆ ಅಂಗಡಿ ರಾಮಯ್ಯನವರು ನಮ್ಮ ವರ್ತಕರ ಸಂಘದ ಅಧ್ಯಕ್ಷರು. ಗಣೇಶನ ಗುಡಿ ಹಜಾರದಲ್ಲಿ ಎಲ್ಲ ಅಂಗಡಿಯವರನ್ನೂ ಸೇರಿಸಿ ಅವರು ಒಂದು ದಾರಿ ಹೇಳಿದ್ರು. ಯಾವ ಅಂಗಡಿಯಲ್ಲೇ ಆಗಲಿ, ಐದು ರೂಪಾಯಿ ವ್ಯಾಪಾರಕ್ಕೆ ಐದು ಪೈಸೆ ಪಾರ್ಕಿಗೆ ಅಂತ ಮೇಲೆ ಹಾಕಿ ತಗೊಳ್ಳೋದು, ಎರಡು ವರ್ಷದ ಮಟ್ಟಿಗೆ. ಜನ ಆಗಲೇ ಅದಕ್ಕೆ ಪಾರ್ಕ್ ತೆರಿಗೆ ಅಂತ ಹೆಸರಿಟ್ಟಿದಾರೆ. ಹಿಂಡಿ ಬೂಸಾ ಅಂಗಡಿ ಮುನಿವೆಂಕಟಪ್ಪ ಎದ್ದು ಕೂಗಾಡಿದ, ಕೂಗಾಡಿದ. ಸೇಲ್ಸ್ ಟ್ಯಾಕ್ಸ್ ಕಟ್ಟೇ ಸೊಂಟ ಬಿದ್ದುಹೋಗಿದೆ, ಹುಲ್ಲು ಬೆಳೆಸೋಕೂ ಒಂದು ತೆರಿಗೆನಾ, ಆ ನೆಲ ಮುಟ್ಟಬೇಡಿ, ಬಿಟ್ಟುಬಿಡಿ ಅಂದ. ಅವನ ಹಿಂದೆ ನಮ್ಮ ಹಳೇ ಊರಿನವರೆಲ್ಲ ತಲೆಯಾಡಿಸಿದ್ರು.

ಆಗ ನಾನು ಎದ್ದು ನಿಂತೆ. ಒಡೆದ ಬೆಲ್ಲದ ಚೂರನ್ನೂ ತೂಕಕ್ಕೆ ಹಾಕೋ ಶಿವಗಂಗಮ್ಮ ತೆರಿಗೆ ಬೇಕು ಅಂತ ಕೈ ಎತ್ತಿದ್ದು ನೋಡಿ ಎಲ್ಲರೂ ಬಾಯಿ ಬಿಟ್ಟರು. ಮಕ್ಕಳಿಗೆ ಆಡೋಕೆ ಜಾಗ ಬೇಕು, ವಯಸ್ಸಾದವರಿಗೆ ಕೂರೋಕೆ ಒಂದು ಕಲ್ಲುಬೆಂಚು ಬೇಕು, ಐದು ಪೈಸೆಗೆ ಯಾರ ಮನೆ ದೀಪವೂ ಆರೋದಿಲ್ಲ ಅಂತ ಏನೇನೋ ಹೇಳಿದೆ. ಮೇನ್ ರೋಡಿಗೆ ಗೇಟಿಲ್ಲದಿದ್ರೆ ಆಫೀಸಿನವರು ಒಪ್ಪೋದಿಲ್ಲ ಅಂತ ಯಾರೋ ತಕರಾರು ತೆಗೆದ್ರು. ಹಾಗಾದ್ರೆ ನನ್ನ ಅಂಗಡಿ ಒಡೆದು ಅಲ್ಲೇ ಗೇಟು ಇಡಿ, ನಾನು ಎದುರುಗಡೆ ಗೂಡಂಗಡಿ ಹಾಕ್ಕೋತೀನಿ ಅಂದೆ. ತೆರಿಗೆ ಪಾಸಾಯ್ತು.

ಸುಳ್ಳು ಹೇಳಿದೆ ನಾನು. ಬೆಂಚೂ ಅಲ್ಲ, ಮಕ್ಕಳ ಆಟವೂ ಅಲ್ಲ. ಆ ಬೀಳಲ್ಲಿ ನನ್ನ ಕೂಸು ಮಲಗಿದೆ. ಅದರ ಎದೆ ಮೇಲೆ ಯಾರೋ ಪಾಯ ಹಾಕಿ ಕಕ್ಕಸು ಕಟ್ಟಿಸಿದ್ರೆ ನಾನು ಹೇಗೆ ಬದುಕಲಿ? ಪಾರ್ಕಾದ್ರೆ ಮೇಲೆ ಹುಲ್ಲಾದ್ರೂ ಇರುತ್ತೆ.

ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತೇ ಇದೆ. ಹಸುಗೂಸು ಹೋದ್ರೆ ಗಂಡಸರು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬರಬೇಕು, ಹೆತ್ತವಳಿಗೆ ಜಾಗ ತೋರಿಸಬಾರದು, ಗುರುತಿಗೆ ಕಲ್ಲೂ ಇಡಬಾರದು. ನೀವು ಬಂದು ತಲೆಗೆ ನೀರು ಸುರಿದುಕೊಂಡು ಗೋಡೆ ಕಡೆ ತಿರುಗಿ ಕೂತ್ರಿ. ಬಾಣಂತಿ ಕೋಣೆಯಿಂದ ಎಷ್ಟು ಕೇಳಿದ್ರೂ ಬೀಳಲ್ಲಿ ಅಂದ್ರೇ ಹೊರತು ಎಲ್ಲಿ ಅನ್ನಲಿಲ್ಲ. ಇವತ್ತು ಹೇಳಿ. ಫೆಬ್ರವರಿ ಆರನೇ ತಾರೀಕು ಸೋಮವಾರ ಅಗೆಯೋದು ಶುರು. ಮೊದಲು ಗೇಟಿನ ಕಂಬಕ್ಕೆ, ಆಮೇಲೆ ನಡುವೆ ಒಂದು ಕೊಳಕ್ಕೆ. ಕೂಸು ಎಲ್ಲಿದೆ ಅಂತ ಗೊತ್ತಾದ್ರೆ ಕೊಳವನ್ನ ಈ ಕಡೆಗೋ ಆ ಕಡೆಗೋ ಜರುಗಿಸೋಕೆ ರಾಮಯ್ಯನವರ ಕಾಲು ಹಿಡೀತೀನಿ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ರಜಾ ದಿನ ಮಟಮಟ ಮಧ್ಯಾಹ್ನ ಮಕ್ಕಳು ಬೀಳಲ್ಲಿ ಆಡ್ತವೆ. ಆಟ ಮುಗಿಸಿ ನಮ್ಮ ಅಂಗಡಿಗೇ ನೀರಿಗೆ ಬರ್ತವೆ. ಸಂಕ್ರಾಂತಿ ದಿನ ಹತ್ತು ಮಕ್ಕಳು ಬಂದ್ವು, ಎಣಿಸಿ ಹತ್ತು ಲೋಟ ನೀರು ಇಟ್ಟೆ. ಕೊನೆಗೆ ನಿಂತಿದ್ದ ಹನುಮಕ್ಕನ ಮೊಮ್ಮಗಳು ನನ್ನದನ್ನ ಯಾರೋ ಕುಡಿದುಬಿಟ್ರು ಅಂತ ಅಳೋಕೆ ಶುರುಮಾಡಿದ್ಲು. ನೋಡಿದ್ರೆ ಹೌದು, ಹತ್ತು ಲೋಟವೂ ಖಾಲಿ, ಕುಡಿದ ಮಕ್ಕಳು ಒಂಬತ್ತೇ. ಎರಡೆರಡು ಕುಡಿದವರು ಯಾರ್ರೋ ಅಂತ ಗದರಿದೆ. ನಾನಲ್ಲ ನಾನಲ್ಲ ಅಂದ್ವು ಎಲ್ಲವೂ.

ಮಾರನೇ ದಿನ ಬಾಗಿಲಲ್ಲೇ ಕೂತು ಕಿವಿಗೊಟ್ಟು ಕೇಳಿದೆ. ಕುಂಟೆಬಿಲ್ಲೆ ಆಡ್ತಾ ಇದ್ವು. ಒಂದು ಮಗು ಜೋರಾಗಿ ಕೂಗಿತು, ಅನಂತಲಕ್ಷ್ಮೀ ನೀನು ಔಟು ಕಣೇ, ಗೆರೆ ತುಳಿದೆ ಅಂತ.

ಆ ಹೆಸರು ನಿಮಗೂ ನನಗೂ ಬಿಟ್ಟು ಯಾರಿಗೆ ಗೊತ್ತು? ಮೂರು ತಿಂಗಳಿಗೆ ಹೆಸರಿಡೋಣ, ಅಲ್ಲೀವರೆಗೆ ಹೆಸರನ್ನ ಹೊರಗೆ ಆಡಬಾರದು ಅಂತ ನಿಮ್ಮಮ್ಮ ಕಟ್ಟಪ್ಪಣೆ ಮಾಡಿದ್ರು. ನಾವಿಬ್ಬರೇ ದೀಪ ಸಣ್ಣ ಮಾಡಿ ಪಿಸುಪಿಸು ಅಂತ ಆರಿಸಿದ ಹೆಸರು. ಎರಡೇ ತಿಂಗಳಿಗೆ ಮಗು ಹೋಯ್ತು, ಹೆಸರು ಅಲ್ಲೇ ಉಳೀತು. ಈ ಲೇಔಟಿನ ಮನೆಮನೆಯೂ ನನಗೆ ಗೊತ್ತು, ಎಲ್ಲರಿಗೂ ಅಕ್ಕಿ ಬೇಳೆ ಕೊಡೋಳು ನಾನೇ. ಆ ಹೆಸರಿನ ಹುಡುಗಿ ಇಲ್ಲಿ ಒಬ್ಬಳೂ ಇಲ್ಲ.

ಹನುಮಕ್ಕನ ಮೊಮ್ಮಗಳನ್ನ ಕರೆದು ಪೆಪ್ಪರ್‌ಮೆಂಟು ಕೊಟ್ಟು ಕೇಳಿದೆ, ಯಾರೇ ಅನಂತಲಕ್ಷ್ಮಿ ಅಂದ್ರೆ ಅಂತ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದ್ಲು. ನಿಮ್ಮ ಮನೆ ಹುಡುಗಿ ಅಲ್ವಾ ಆಂಟಿ, ಆಟ ಮುಗಿದ ಮೇಲೆ ನಿಮ್ಮ ಅಂಗಡಿ ಒಳಗೇ ಹೋಗ್ತಾಳಲ್ಲ ಅಂದ್ಲು. ಎಷ್ಟು ದೊಡ್ಡವಳು ಅಂತ ಕೇಳಿದೆ. ನನಗಿಂತ ಒಂದು ಗೇಣು ಎತ್ತರ ಅಂದ್ಲು. ನಮ್ಮ ಮಗು ಇದ್ದಿದ್ರೆ ಈಗ ಹನ್ನೊಂದು ವರ್ಷ.

ನನಗೆ ಹೆದರಿಕೆ ಆಗ್ತಿಲ್ಲ ಅಂದ್ರೆ ನಂಬ್ತೀರಾ? ಮೊದಲ ದಿನ ಹೊತ್ತಿಗೆ ಮುಂಚೆ ಬಾಗಿಲು ಹಾಕಿಬಿಟ್ಟಿದ್ದೆ. ಈಗ ಮಧ್ಯಾಹ್ನ ಆದ್ರೆ ಸಾಕು, ಬಾಗಿಲು ನೋಡ್ತಾ ಕೂತಿರ್ತೀನಿ. ಬೇಗ ಬರೀರಿ.

ಇಂತಿ,
ಶಿವಗಂಗ

ಮರೆತಿದ್ದೆ: ಆ ಹೆಸರನ್ನ ನೀವು ಯಾರಿಗಾದ್ರೂ ಹೇಳಿದ್ರಾ? ಹೇಳಿದ್ರೆ ಹೇಳಿದೆ ಅಂತ ಬರೀರಿ, ಬೈಯೋದಿಲ್ಲ. ಹೇಳಿರಲಿ ಅಂತಾನೂ ಒಂದು ಮನಸ್ಸು ಬೇಡಿಕೊಳ್ತಿದೆ.

ಮಾಗಡಿ
2-2-1984

ಗಂಗೂ,

ನಿನ್ನ ಕಾಗದ ಬಂದು ಒಂದು ವಾರ ಆಯ್ತು. ದಿನಾ ಬರೆಯೋಕೆ ಕೂರ್ತೀನಿ, ಎದ್ದು ಹೋಗ್ತೀನಿ. ಇನ್ನು ತಡ ಮಾಡಿದ್ರೆ ಕೆಲಸ ಕೆಡುತ್ತೆ ಅಂತ ಗೊತ್ತಾಗಿ ಬರೀತಾ ಇದೀನಿ. ನೆಟ್ಟಗೆ ಬರೆಯೋಕೆ ನನಗೆ ಬರೋದಿಲ್ಲ, ತಪ್ಪು ತಿಳೀಬೇಡ.

ಕೊಳ ಎಲ್ಲಿ ಬೇಕಾದ್ರೂ ತೋಡಲಿ. ನಮ್ಮ ಮಗು ಅಲ್ಲಿಲ್ಲ.

ಬೀಳಿನ ಅಂಚಲ್ಲಿ ಒಂದು ಹೊಂಗೆ ಮರ ಇತ್ತು. ಬಿಸಿಲು ಬೀಳದಿರಲಿ ಅಂತ ಅದರ ನೆರಳಲ್ಲಿ ಮಾಡಿದೆ, ಬುಡದಿಂದ ಮೂಡಲಿಗೆ ಏಳು ಹೆಜ್ಜೆ. ಆಮೇಲೆ ಲೇಔಟಿನವರು ಬಂದು ಮರ ಕಡಿದ್ರು. ಹೊಲ ಹೋದದ್ದಕ್ಕೆ ನಮಗೆ ಒಂದು ಸೈಟು ಅಂತ ಕೊಟ್ಟರಲ್ಲ, ಟೇಪು ಹಿಡಿದು ಕಲ್ಲು ನೆಟ್ಟ ದಿನ ನೋಡ್ತೀನಿ, ಹೊಂಗೆಯ ಮೋಟು ನಮ್ಮ ಸೈಟಿನೊಳಗಿದೆ. ಏಳು ಹೆಜ್ಜೆ ಎಣಿಸಿದೆ. ಅದೂ ಒಳಗೇ ಬಂತು.

ಹೇಳಬೇಕು ಅಂತ ಬಾಯಿ ತನಕ ಬಂದಿತ್ತು ಕಣೇ. ಆದ್ರೆ ನೀನು ಆ ದಿನ ನಗ್ತಾ ಇದ್ದೆ. ಇಲ್ಲಿ ಗಲ್ಲಾ, ಇಲ್ಲಿ ತಕ್ಕಡಿ ಅಂತ ಕಡ್ಡೀಲಿ ಗೀರಿ ತೋರಿಸ್ತಿದ್ದೆ. ಮಗು ಹೋದಮೇಲೆ ನೀನು ನಕ್ಕಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿಕೊಂಡೆ. ಅಂಗಡಿ ನೆಲ ಹಾಸೋವಾಗ ಗಾರೆಯವರಿಗೆ ಅಲ್ಲಿ ಹಾರೆ ಹಾಕೋಕೆ ಬಿಡದೆ ನಾನೇ ಚಪ್ಪಡಿ ಹೊತ್ತು ಹಾಸಿದೆ. ಅದರ ಮೇಲೇ ನೀನು ಮಣೆ ಹಾಕಿ ಕೂತೆ.

ಒಂದು ವರ್ಷ ತಡೆದುಕೊಂಡೆ. ಲೆಕ್ಕ ಕೂಡಿಸೋವಾಗ ನೀನು ಕಾಲು ಅಲ್ಲಾಡಿಸ್ತೀಯ, ಅದು ನಿನಗೇ ಗೊತ್ತಿಲ್ಲ. ಆ ಚಪ್ಪಡಿ ಮೇಲೆ ನಿನ್ನ ಕಾಲು ತೊಟ್ಟಿಲು ತೂಗಿದ ಹಾಗೆ ಆಡ್ತಿತ್ತು. ನೋಡೋಕೆ ಆಗಲಿಲ್ಲ. ಹೇಳೋಕೂ ಆಗಲಿಲ್ಲ. ಹೇಡಿ ಹಾಗೆ ಬಿಟ್ಟು ಬಂದೆ. ಬೇರೆ ಯಾವ ಕಾರಣವೂ ಇಲ್ಲ, ನಿನ್ನ ಮೇಲೆ ಒಂದು ಸಾಸಿವೆಯಷ್ಟೂ ಸಿಟ್ಟಿರಲಿಲ್ಲ.

ಗೇಟಿಗೆ ಜಾಗ ಕೊಟ್ಟೆ ಅಂತ ಓದಿದಾಗಿನಿಂದ ಅನ್ನ ಸೇರ್ತಿಲ್ಲ. ಹೇಗಾದ್ರೂ ಮಾಡಿ ನಿಲ್ಲಿಸು. ಊರವರ ಮುಂದೆ ಮಾತು ಹೋದ್ರೆ ಹೋಗಲಿ.

ನಿನ್ನ,
ಜಂಬಣ್ಣ

ಹೆಸರು ಯಾರಿಗೂ ಹೇಳಿಲ್ಲ. ದೇವರಾಣೆ.

ವಿಜಯನಗರ
8-2-1984, ಬುಧವಾರ

ಯಜಮಾನರಿಗೆ,

ನಿಮ್ಮ ಕಾಗದ ಸೋಮವಾರ ಹನ್ನೊಂದು ಗಂಟೆಗೆ ಕೈಗೆ ಬಂತು. ನಾನು ರಸ್ತೆ ಆಚೆ ಮೂಟೆಗಳ ಮಧ್ಯೆ ನಿಂತಿದ್ದೆ. ಭಾನುವಾರವೇ ಚಾವಣಿ ಇಳಿಸಿದ್ರು, ಸೋಮವಾರ ಬೆಳಿಗ್ಗೆ ಚಪ್ಪಡಿ ಎಬ್ಬಿಸಿದ್ರು. ನಾನು ಲಕೋಟೆ ಒಡೆಯೋ ಹೊತ್ತಿಗೆ ನನ್ನ ಮಣೆ ಇದ್ದ ಜಾಗದಲ್ಲೇ ಗುಂಡಿ ಎದೆಮಟ್ಟ ಆಗಿತ್ತು.

ನಿಮ್ಮನ್ನ ಆ ಕ್ಷಣ ಏನೇನು ಬೈದೆ ಅಂತ ಬರೆದ್ರೆ ಕಾಗದ ಸುಟ್ಟುಹೋಗುತ್ತೆ. ಒಂದು ವಾರ! ಒಂದು ವಾರ ಕಾಗದ ಇಟ್ಟುಕೊಂಡು ಕೂತಿದ್ರಲ್ಲ ಮಹಾರಾಯ್ರೇ. ಹನ್ನೊಂದು ವರ್ಷ ಸಾಲಲಿಲ್ಲವಾ ಸುಮ್ಮನಿದ್ದದ್ದು?

ಓಡಿದೆ. ಸೆರಗು ಎಲ್ಲಿತ್ತೋ, ಚಪ್ಪಲಿ ಎಲ್ಲಿತ್ತೋ. ಗುಂಡಿಯೊಳಗೆ ಧುಮುಕಿ ಕೂಲಿಯವನ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ನಾನು ಕೊಟ್ಟ ಮಾತು ವಾಪಸ್ಸು ತಗೊಂಡಿದೀನಿ, ಯಾರೂ ಹತ್ತಿರ ಬರಬೇಡಿ ಅಂತ ಕಿರುಚಿದೆ. ರಾಮಯ್ಯನವರು ಬಂದು ಶಿವಗಂಗಮ್ಮ, ನಿಮಗೇನು ತಲೆ ಕೆಟ್ಟಿದೆಯಾ, ಗೇಟಿಲ್ಲದಿದ್ರೆ ಪಾರ್ಕಿಲ್ಲ, ಪಾರ್ಕಿಲ್ಲದಿದ್ರೆ ಎಲ್ಲಾ ಸೈಟಾಗುತ್ತೆ ಅಂದ್ರು. ಆಗ ಎಲ್ಲರ ಮುಂದೆ ಹೇಳಿಬಿಟ್ಟೆ. ಹೆಸರು ಸಮೇತ ಹೇಳಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹೆಸರನ್ನ ಜನರ ಮುಂದೆ ಜೋರಾಗಿ ಹೇಳಿದೆ.

ಮುನಿವೆಂಕಟಪ್ಪ ಮುಂದೆ ಬಂದ. ಬೈಯೋಕೆ ಬಂದ ಅಂದ್ಕೊಂಡೆ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು, ತಾಯೀ ನಮ್ಮವೂ ಎರಡು ಇಲ್ಲೇ ಇದಾವೆ, ಅದಕ್ಕೇ ಕಣಮ್ಮ ನಾನು ನೆಲ ಮುಟ್ಟಬೇಡಿ ಅಂದದ್ದು, ತೆರಿಗೆಗಲ್ಲ ಅಂದ. ಅಷ್ಟು ದೊಡ್ಡ ಗಂಡಸು ಬಿಕ್ಕಿಬಿಕ್ಕಿ ಅತ್ತ. ಹನುಮಕ್ಕನೂ ಅತ್ತಳು, ಅವಳದೂ ಒಂದಿದೆಯಂತೆ. ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿರಲಿಲ್ಲ, ನೋಡಿ. ನಾನು ಮನೆ ಆಗಬಾರದು ಅಂತ ತೆರಿಗೆಗೆ ಕೈ ಎತ್ತಿದೆ, ಅವನು ಅಗೆಯಬಾರದು ಅಂತ ಬೇಡ ಅಂದ.

ರಾಮಯ್ಯನವರು ಹಾಸನದ ಕಡೆಯವರು, ಅವರಿಗೇನು ಗೊತ್ತು ಪಾಪ. ಕಲ್ಲಿನ ಮೇಲೆ ಕೂತುಬಿಟ್ರು. ಆಮೇಲೆ ಅವರೇ ಹೇಳಿದ್ರು, ಕೊಳ ಬೇಡ, ಆಳಕ್ಕೆ ಯಾವ ಕೆಲಸವೂ ಬೇಡ, ಮೇಲೆ ಹುಲ್ಲು ಹೂಗಿಡ ಅಷ್ಟೇ. ಗೇಟಿಗೆ ಮುನಿವೆಂಕಟಪ್ಪ ತನ್ನ ಬೂಸಾ ಗೋಡೌನಿನ ಪಕ್ಕದ ಓಣಿ ಬಿಟ್ಟುಕೊಟ್ಟ. ಅದೂ ಮೇನ್ ರೋಡಿಗೇ ಬರುತ್ತೆ. ತೆರಿಗೆಗೆ ಮತ್ತೆ ಕೈ ಎತ್ತಿಸಿದ್ರು. ಈ ಸಲ ಎಲ್ಲ ಕೈಯೂ ಎದ್ದವು.

ಗೋಡೆ ಇನ್ನೂ ನಿಂತಿದೆ. ಚಾವಣಿ ನೀವು ಬಂದು ಹಾಕಿಸಿ. ಬರ್ತೀರೋ ಇಲ್ಲವೋ ಅಂತ ಕೇಳ್ತಿಲ್ಲ, ಬನ್ನಿ ಅಂತ ಹೇಳ್ತಿದೀನಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದು ಇರುತ್ತೆ. ಎದುರಿಗಿದ್ರೆ ತೀರಿಸಿಕೊಳ್ಳೋಕಾದ್ರೂ ಆಗುತ್ತೆ.

ನಿಮ್ಮ,
ಗಂಗ

ತಪ್ಪದೆ ಓದಿ: ಗುಂಡಿಯಲ್ಲಿ ನಾನೇ ಕೈಯಾರೆ ಕೆದಕಿ ನೋಡಿದೆ. ಏನೂ ಇರಲಿಲ್ಲ, ಒಂದು ಬಟ್ಟೆ ಚೂರೂ ಇಲ್ಲ. ನಿನ್ನೆ ಮುಚ್ಚಿಸಿದೆ. ಅಗೆದ ಮಣ್ಣೆಲ್ಲ ಪಕ್ಕದಲ್ಲೇ ಗುಡ್ಡೆ ಬಿದ್ದಿತ್ತು, ಒಂದು ಮಂಕರಿಯೂ ಆಚೆ ಹೋಗಿಲ್ಲ, ನಾನೇ ಕಾವಲಿದ್ದೆ. ಅಗೆದ ಮಣ್ಣು ಉಬ್ಬಿ ಮಿಗಬೇಕಲ್ಲವಾ? ಅಷ್ಟನ್ನೂ ತುಂಬಿದ್ರೂ ಗುಂಡಿ ತುಂಬಲಿಲ್ಲ. ಎಷ್ಟು ಕಡಿಮೆ ಬಿತ್ತು ಅಂದ್ರೆ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಅಲ್ಲಿಂದ ಎದ್ದು ಹೋದಷ್ಟು. ಬೇರೆ ಮಣ್ಣು ತಂದು ತುಂಬ್ತೀವಿ ಅಂದ್ರು. ನಾನು ಬಿಡಲಿಲ್ಲ.