ಪುಸ್ತಕವನ್ನಲ್ಲ, ನನ್ನ ತಮ್ಮನನ್ನು ನೋಡಿ

ಹೊರರೋಗಿ ಮನೋಚಿಕಿತ್ಸಾಲಯದ ಮೇಲ್ವಿಚಾರಣೆ ಹೊತ್ತಿರುವ ಮಾನ್ಯರೇ,

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನವೆಂಬರ್ ೧೦ರಂದು ತಮಗೆ ಸಲ್ಲಿಸಿದ ದೂರಿನಲ್ಲಿ, ನನ್ನ ತಮ್ಮ ಸಿದ್ದೇಶನನ್ನು ಪರೀಕ್ಷಿಸದೆ ಅಕ್ಟೋಬರ್ ೨ರಂದು ಮಾತ್ರೆ ಕೊಟ್ಟಿದ್ದಾರೆಂದು ಬರೆದಿದ್ದೆ. ಅಂದು ಗಾಂಧಿ ಜಯಂತಿ, ಚಿಕಿತ್ಸಾಲಯಕ್ಕೆ ಬೀಗ. ಮಾತ್ರೆ ಕೊಟ್ಟದ್ದು ಒಂಬತ್ತನೆಯ ತಾರೀಖು. ಮೂವತ್ತಮೂರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ಇಂಥ ತಪ್ಪು ಮಾಡಬಾರದಿತ್ತು, ಕ್ಷಮೆ ಕೋರುತ್ತೇನೆ. ರೋಗಿಯ ಪುಸ್ತಕದಲ್ಲಿ ‘ಮುಂದಿನ ಭೇಟಿ ೨-೧೦’ ಎಂದು ಬರೆದವರು ತಮ್ಮ ಸಿಬ್ಬಂದಿ. ಅದನ್ನು ಪರಿಶೀಲಿಸದೆ ನಕಲು ಮಾಡಿದವಳು ನಾನು. ಪರಿಶೀಲಿಸದೆ ನಕಲು ಮಾಡಿದರೆ ಏನಾಗುತ್ತದೆಂಬುದೇ ನನ್ನ ದೂರಿನ ತಿರುಳೂ ಆಗಿತ್ತು.

ಆದರೆ ತಮ್ಮ ಕಚೇರಿಗೆ ತಿರುಳು ಬೇಕಾಗಲಿಲ್ಲ. ‘ಸದರಿ ದಿನ ರಜೆಯಿದ್ದ ಕಾರಣ ದೂರನ್ನು ಆಧಾರರಹಿತವೆಂದು ಪರಿಗಣಿಸಿ ಮುಕ್ತಾಯಗೊಳಿಸಲಾಗಿದೆ’ ಎಂದು ಡಿಸೆಂಬರ್ ೧ರಂದು ಉತ್ತರ ಬಂತು. ಒಂದು ತಾರೀಖು ತಪ್ಪಿದರೆ ನನ್ನ ತಮ್ಮನ ಕೈನಡುಕವೂ ಆಧಾರರಹಿತವಾಗುತ್ತದೆಯೇ? ದೂರಿನ ತಪ್ಪನ್ನು ಹುಡುಕಿದ ಈ ಕಣ್ಣನ್ನು ರೋಗಿಯ ಪುಸ್ತಕದ ಮೇಲೆ ಒಮ್ಮೆ ಹಾಯಿಸಿದ್ದರೆ ನಾನು ಈ ಎರಡನೆಯ ಪತ್ರ ಬರೆಯಬೇಕಾಗಿರಲಿಲ್ಲ.

ತಮ್ಮಲ್ಲಿ ನಡೆಯುವ ಪದ್ಧತಿ ತಮಗೆ ತಿಳಿಯದೆ ಇರಲಾರದು, ಈ ಬಹಿರಂಗ ಪತ್ರದ ಓದುಗರಿಗಾಗಿ ಹೇಳುತ್ತೇನೆ. ಚಿಕಿತ್ಸಾಲಯಕ್ಕೆ ರೋಗಿ ಬರಬೇಕಾಗಿಲ್ಲ, ಪುಸ್ತಕ ಬಂದರೆ ಸಾಕು. ನಮ್ಮ ಚಿಕ್ಕರಸಿನಕೆರೆಯ ಸುತ್ತಿನ ಏಳು ಜನರ ಪುಸ್ತಕಗಳನ್ನು ನೆರೆಮನೆಯ ಚಲುವಮ್ಮ ಒಂದು ಚೀಲದಲ್ಲಿ ತುಂಬಿಕೊಂಡು ಗುರುವಾರದ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗುತ್ತಾಳೆ. ಆಕೆಯ ಮಗನ ಪುಸ್ತಕವೂ ಅದರಲ್ಲಿದೆ. ಮೇಜಿನ ಮೇಲೆ ಪುಸ್ತಕಗಳು ಇಟ್ಟಿಗೆಯಂತೆ ಏರುತ್ತವೆ. ವೈದ್ಯರು ಒಂದೊಂದನ್ನೇ ತೆರೆದು, ಮೇಲಿನ ಸಾಲನ್ನು ನೋಡಿ, ಕೆಳಗೆ ‘ಅದೇ ಮುಂದುವರಿಸಿ’ ಎಂದು ಬರೆಯುತ್ತಾರೆ. ಇಪ್ಪತ್ತೆಂಟು ದಿನದ ಮಾತ್ರೆ ಚೀಲಕ್ಕೆ ಬೀಳುತ್ತದೆ. ಸಿದ್ದೇಶನ ಪುಸ್ತಕದಲ್ಲಿ ಈ ಅಕ್ಟೋಬರಿನ ಹೊತ್ತಿಗೇ ಈ ಸಾಲು ಒಂದರ ಕೆಳಗೊಂದು ಹದಿನೈದು ಸಲ ಬಂದಿತ್ತು. ಕಾಪಿ ಬರೆಯುವ ಮಕ್ಕಳ ಅಕ್ಷರವಾದರೂ ನಾಲ್ಕನೆಯ ಸಾಲಿಗೆ ಸೊಟ್ಟಗಾಗುತ್ತದೆ; ಇಲ್ಲಿ ಅದೂ ಇಲ್ಲ.

ಸಿದ್ದೇಶ ಭಾರತೀನಗರದಲ್ಲಿ ಪಂಪುಸೆಟ್ಟಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವನು. ಮನಸ್ಸು ಏರಿಳಿಯುವ ಕಾಯಿಲೆಗೆ ಒಂಬತ್ತು ವರ್ಷದಿಂದ ಲಿಥಿಯಂ ಮಾತ್ರೆ ನುಂಗುತ್ತಿದ್ದ. ಆ ಮಾತ್ರೆಯಿಂದಲೇ ಅವನು ಮನುಷ್ಯರ ನಡುವೆ ಮನುಷ್ಯನಾಗಿ ಬಾಳಿದ. ಔಷಧವನ್ನು ನಾನು ದೂರುವುದಿಲ್ಲ. ಆದರೆ ಅದು ರಕ್ತದಲ್ಲಿ ಮಿತಿ ಮೀರಿದರೆ ವಿಷ, ಆಗಾಗ ರಕ್ತ ಪರೀಕ್ಷಿಸಲೇಬೇಕು ಎಂದು ಮೊದಲ ದಿನ ಹೇಳಿದವರೂ ತಮ್ಮ ವೈದ್ಯರೇ. ಕಳೆದ ವರ್ಷದ ಆಗಸ್ಟಿನ ನಂತರ ಯಾರೂ ಒಂದು ಹನಿ ರಕ್ತ ತೆಗೆಯಲಿಲ್ಲ. ಈ ಸೆಪ್ಟೆಂಬರಿನಲ್ಲಿ ಅವನ ಕೈ ನಡುಗತೊಡಗಿತು. “ಅಕ್ಕ, ಸುತ್ತು ಎಣಿಸ್ತಾ ಎಣಿಸ್ತಾ ತಂತಿನೇ ಜಾರೋಯ್ತದೆ” ಎಂದ. ನವೆಂಬರ್ ೬ರಂದು ನಾನೇ ಅವನನ್ನು ಕರೆದುಕೊಂಡು ಬಂದೆ.

ಕಿಟಕಿಯಲ್ಲಿದ್ದ ಹೆಣ್ಣುಮಗಳು ಅವನನ್ನೂ ನನ್ನನ್ನೂ ನೋಡಿ, “ಪೇಷೆಂಟ್‌ನ ಯಾಕಮ್ಮ ಕರ್ಕೊಂಡ್ ಬಂದ್ರಿ? ಬುಕ್ ಕಳ್ಸಿದ್ರೆ ಸಾಕಾಗಿತ್ತಲ್ಲ!” ಎಂದಳು.

ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ ಚಲುವಮ್ಮ, “ನಾನ್ ಏಳ್ನಿಲ್ವಾ ಟೀಚರಮ್ಮ? ಬುಕ್ಕು ಬಂದ್ರೆ ಇವ್ರಿಗೆ ಸಲೀಸು. ಆಳೇ ಬಂದ್ಬುಟ್ರೆ ಗಾಬ್ರಿ ಆಯ್ತದೆ ಕಣಮ್ಮ” ಎಂದಳು.

“ಅಂಗಾರೆ ಮಾತ್ರೆನೂ ಆ ಬುಕ್ಕಿಗೇ ನುಂಗ್ಸಕ್ಕ, ನಾನ್ ಅಂಗ್ಡಿಗ್ ಓಯ್ತೀನಿ” ಎಂದ ಸಿದ್ದೇಶ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗಲಾಗಲಿಲ್ಲ.

ಒಳಗೆ ವೈದ್ಯರು, “ನಿದ್ದೆ ಮಾಡ್ತಾರಾ? ಊಟ?” ಎಂದು ನನ್ನನ್ನು ಕೇಳಿದರು, ನಿದ್ದೆ ಮಾಡುವವನು ಎದುರಿಗೇ ಕುಳಿತಿದ್ದ. ಕೈನಡುಕದ ಮಾತೆತ್ತಿದೆ. “ಆ ಮಾತ್ರೆಗೆ ಸ್ವಲ್ಪ ಇರುತ್ತೆ. ಬ್ಲಡ್ ಟೆಸ್ಟ್ ಮುಂದಿನ ಸಲ ನೋಡೋಣ” ಎಂದು ಅದೇ ಸಾಲನ್ನು ಮತ್ತೊಮ್ಮೆ ಬರೆದರು. ಅವರ ಮುಂದೆ ಇನ್ನೂ ತೊಂಬತ್ತು ಪುಸ್ತಕಗಳಿದ್ದವು, ವೈದ್ಯರು ಒಬ್ಬರೇ. ಅವರನ್ನು ಕ್ರೂರಿಯೆಂದು ನಾನು ಕರೆಯಲಾರೆ. ಒಬ್ಬ ಮನುಷ್ಯನ ಮುಂದೆ ಅಷ್ಟು ಪುಸ್ತಕ ಪೇರಿಸಿಟ್ಟು ಅದಕ್ಕೆ ‘ಚಿಕಿತ್ಸೆ’ ಎಂದು ಹೆಸರಿಟ್ಟವರನ್ನು ಏನೆಂದು ಕರೆಯಬೇಕೋ ತಾವೇ ತಿಳಿಸಿ.

ಎರಡು ವಾರಕ್ಕೆ ಸಿದ್ದೇಶ ವಾಂತಿ ಮಾಡಿಕೊಂಡು, ನಾಲಿಗೆ ತೊದಲಿ, ಗೋಡೆ ಹಿಡಿದು ನಿಲ್ಲಲೂ ಆಗದೆ ಕುಸಿದ. ಮೈಸೂರಿಗೆ ಸಾಗಿಸಿದೆವು. ರಕ್ತದಲ್ಲಿ ಲಿಥಿಯಂ ಮಿತಿಯ ಎರಡು ಪಟ್ಟಿಗೂ ಹೆಚ್ಚಿತ್ತು. “ಕೊನೆಯ ಸಲ ರಕ್ತ ಪರೀಕ್ಷೆ ಯಾವಾಗ ಆಯಿತು?” ಎಂದು ಅಲ್ಲಿನ ವೈದ್ಯೆ ಕೇಳಿದಾಗ, ಪುಸ್ತಕ ತೆರೆದು ಕಳೆದ ವರ್ಷದ ಆಗಸ್ಟಿನ ಪುಟ ತೋರಿಸಿದೆ. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಈ ಮಾತ್ರೆಯನ್ನು ಇನ್ನು ಕೊಡಕೂಡದು ಎಂದು ಬಿಡುಗಡೆಯ ಪತ್ರದಲ್ಲಿ ಬರೆದುಕೊಟ್ಟರು.

ಅವನಿಗೆ ಪ್ರಯಾಣದ ಶಕ್ತಿಯಿರಲಿಲ್ಲ. ಆದ್ದರಿಂದ ಡಿಸೆಂಬರ್ ೪ರಂದು ಆ ಪತ್ರವನ್ನು ಪುಸ್ತಕದೊಳಗೆ ಮಡಚಿಟ್ಟು ಚಲುವಮ್ಮನ ಕೈಗೆ ಕೊಟ್ಟೆ. ಓದುತ್ತಾರೆಂದು ನಂಬಿದೆ. ಸಂಜೆ ಪುಸ್ತಕ ಮರಳಿತು. ಪತ್ರ ಇಟ್ಟ ಮಡಿಕೆಯಲ್ಲೇ ಇತ್ತು. ಹೊಸ ಸಾಲು: ‘ಅದೇ ಮುಂದುವರಿಸಿ’. ಜೊತೆಗೆ ಇಪ್ಪತ್ತೆಂಟು ದಿನದ ಅದೇ ಲಿಥಿಯಂ. ನನಗೆ ಓದಲು ಬರುತ್ತದೆ, ಮಾತ್ರೆಯನ್ನು ಅವನಿಗೆ ಕೊಡದೆ ತೆಗೆದಿಟ್ಟೆ. ಓದು ಬಾರದ ಮನೆಗೆ ಆ ಪೊಟ್ಟಣ ಹೋಗಿದ್ದರೆ?

ಲಿಥಿಯಂ ನಿಂತಿದೆ, ಬದಲಿ ಔಷಧ ಇನ್ನೂ ಶುರುವಾಗಿಲ್ಲ. ಮೂರು ದಿನದಿಂದ ಸಿದ್ದೇಶನಿಗೆ ನಿದ್ದೆ ಕಡಿಮೆಯಾಗಿದೆ, ಮಾತು ಹೆಚ್ಚಾಗಿದೆ. ಇದರ ಅರ್ಥ ನನಗೆ ಗೊತ್ತು, ತಮ್ಮ ವೈದ್ಯರಿಗೂ ಗೊತ್ತು. ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ. ಅವನನ್ನು ಎದುರು ಕೂರಿಸಿಕೊಂಡು, ಮೈಸೂರಿನ ಪತ್ರ ಓದಿ, ಹೊಸ ಔಷಧ ನಿರ್ಧರಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ರೋಗಿಯ ಮುಖ ನೋಡದೆ ಯಾವ ಪುಸ್ತಕಕ್ಕೂ ಸಹಿ ಬೀಳಬಾರದು. ಲಿಥಿಯಂ ಕೊಡುವವರಿಗೆ ರಕ್ತಪರೀಕ್ಷೆಯ ದಿನವನ್ನೂ ಬರೆದುಕೊಡಬೇಕು. ಇದಕ್ಕೆ ಇನ್ನೊಬ್ಬ ವೈದ್ಯರು ಬೇಕಿದ್ದರೆ ಕೇಳಿ ತರಿಸುವುದು ತಮ್ಮ ಕೆಲಸ. ‘ನಾಳೆಯಿಂದ ಪುಸ್ತಕ ತರುವಂತಿಲ್ಲ’ ಎಂಬ ಫಲಕ ತೂಗುಹಾಕಿ ಮಾತ್ರ ಕೈತೊಳೆದುಕೊಳ್ಳಬೇಡಿ. ಚಲುವಮ್ಮನ ಮಗ ಎರಡು ವರ್ಷದಿಂದ ಹೊಸ್ತಿಲು ದಾಟಿಲ್ಲ. ಅಂಥವರ ಮನೆಗೆ ತಮ್ಮವರೇ ಹೋಗಬೇಕು.

ಇಂತಿ,
ಹದಿನಾರು ಸಲ ತಾನೂ ಪುಸ್ತಕವನ್ನೇ ಕಳುಹಿಸಿ ನೆಮ್ಮದಿಯಾಗಿದ್ದ ಅಕ್ಕ,
ಅರುಂಧತಿ
ನಿವೃತ್ತ ಕನ್ನಡ ಶಿಕ್ಷಕಿ, ಚಿಕ್ಕರಸಿನಕೆರೆ
೧೦ ಡಿಸೆಂಬರ್ ೨೦೨೫

ತಿದ್ದಿದ ದಿನಾಂಕಗಳು, ಮತ್ತೆ ‘ಆಧಾರರಹಿತ’ ಎನ್ನಲು ಎಡೆಯಾಗದಿರಲೆಂದು:

ವೈದ್ಯರು ಸಿದ್ದೇಶನನ್ನು ಪರೀಕ್ಷಿಸಿ ರಕ್ತ ತೆಗೆಸಿದ್ದು: ‘ಕಳೆದ ವರ್ಷ’ ಎಂದಷ್ಟೇ ಬರೆದಿದ್ದೆ, ೮ ಆಗಸ್ಟ್ ೨೦೨೪, ಗುರುವಾರ ಎಂದಾಗಬೇಕು.
ಪುಸ್ತಕ ನೋಡಿ ಮಾತ್ರೆ ಕೊಟ್ಟದ್ದು: ೨ ಅಕ್ಟೋಬರ್ ಅಲ್ಲ, ೯ ಅಕ್ಟೋಬರ್ ೨೦೨೫, ಗುರುವಾರ.
ಮೈಸೂರಿನ ಆಸ್ಪತ್ರೆಯಲ್ಲಿದ್ದದ್ದು: ೨೦ರಿಂದ ೨೮ ನವೆಂಬರ್ ೨೦೨೫. ಮೊದಲ ಪತ್ರ ಬರೆದಾಗ ಇದಿನ್ನೂ ನಡೆದಿರಲಿಲ್ಲ, ತಡೆಯಬಹುದಿತ್ತು.
ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಕೊಟ್ಟದ್ದು: ೪ ಡಿಸೆಂಬರ್ ೨೦೨೫, ಗುರುವಾರ.
ಮುಂದಿನ ಭೇಟಿ: ಪುಸ್ತಕದಲ್ಲಿರುವ ೧ ಜನವರಿ ಅಲ್ಲ, ನಾಳೆ, ೧೧ ಡಿಸೆಂಬರ್ ೨೦೨೫, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸಿದ್ದೇಶನೇ ಬರುತ್ತಾನೆ. ಪುಸ್ತಕ ಮನೆಯಲ್ಲಿರುತ್ತದೆ.