ಕಿವಿರಿನ ಬಿಳಿ ಚುಕ್ಕೆಗಳು

ಅಪ್ಪಾ, ನಿನ್ನ ತೊಟ್ಟಿಯ ಮೀನುಗಳನ್ನು ಕೊಂದದ್ದು ನೀರು ಬಿಡುವ ಪಂಪಿನವನಲ್ಲ, ನಾನು. ಚಿಕ್ಕವನಿದ್ದಾಗ ಅವುಗಳ ಕಿವಿರಿನ ಬಿಳಿ ಚುಕ್ಕೆಗಳನ್ನು ರೋಗವೆಂದುಕೊಂಡು ಉಪ್ಪು ಸುರಿದೆ. ಅವು ಮೀನಿಗೆ ಅಂಟಿ ಬೆಳೆಯುವ ಕಪ್ಪೆಚಿಪ್ಪಿನ ಮರಿಗಳೆಂದು ನೀನು ಆಮೇಲೆ ಹೇಳಿದೆ. ನೀನು ಪಂಪಿನವನನ್ನು ಬೈಯುವಾಗ ನಾನು ತುಟಿ ಬಿಚ್ಚಲಿಲ್ಲ. ಅಣೆಕಟ್ಟು ಎದ್ದ ಮೇಲೆ ಆ ಜಾತಿಯ ಮೀನು ನಮ್ಮ ಹೊಳೆಯಲ್ಲೂ ಇಲ್ಲ.

ಶಾಲೆ ಬಿಟ್ಟು, ಕಪ್ಪೆಚಿಪ್ಪು ಸಾಕುವ ನಿನ್ನ ಕೆಲಸಕ್ಕೇ ಬಂದೆ. ಇವತ್ತು ಉಳಿದಿದ್ದ ಒಂದೇ ಮುದಿ ಚಿಪ್ಪು ಬಾಯಿ ತೆರೆದು ಮರಿಗಳನ್ನು ಉಗುಳಿತು. ಅಂಟಿಕೊಳ್ಳಲು ಮೀನಿಲ್ಲದೆ ಎಲ್ಲವೂ ತಳ ಸೇರಿದವು.

"ಅಜ್ಜಿಗೆ ಇನ್ನೂ ಆಸೆ ನೋಡೋ," ಎಂದ ಪಂಪಿನವನು, ಮುದಿ ಚಿಪ್ಪಿನತ್ತ ಬೆರಳು ಮಾಡಿ.

"ಮಾವ, ಅವತ್ತು ಉಪ್ಪು ಹಾಕಿದ್ದು ನಾನು."

"ಗೊತ್ತು ಕಣೋ. ನಿಮ್ಮಪ್ಪನಿಗೂ ಆಮೇಲೆ ಗೊತ್ತಾಯ್ತು. ನೀನೇ ಹೇಳ್ತೀಯ ಅಂತ ಸಾಯೋವರೆಗೂ ಕಾದ."

ತೊಟ್ಟಿಯ ನೀರು ಬದಲಾಯಿಸಿದ್ದೇನೆ. ಆ ಜಾತಿಯ ಮೀನು ಹುಡುಕಿ ತರಲು ನಾಳೆ ಬೆಳಗಿನ ಬಸ್ಸಿಗೆ ಅಣೆಕಟ್ಟಿನಾಚೆಗೆ ಹೊರಡುತ್ತೇನೆ.